ಭಾವನ ಕೆಂಪು ಈ-ಡಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಮ್ಮ ಅತ್ತೆ ಹೇಳುತ್ತಾರೆ, ಅವರು ಹೇಳಿದರೆ ಉಪ್ಪು ಖಾರ ಹಚ್ಚಿಯೇ ಹೇಳುತ್ತಾರೆ. ಹದಿನೇಳು ವರ್ಷದಿಂದ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಭೂತಕಾಲ ಬರೆಯಬೇಕಾದಲ್ಲಿ ವರ್ತಮಾನಕಾಲ ಬರೆದ ಮಕ್ಕಳ ನೋಟ್‌ಬುಕ್ಕಿನಲ್ಲಿ ನನ್ನ ಕೆಂಪು ಪೆನ್ನು ಎಷ್ಟು ಸುತ್ತು ಹಾಕಿದೆಯೋ ನನಗೇ ಗೊತ್ತಿಲ್ಲ. ಆದರೆ ಆ ಪೆನ್ನಿನ ಶಾಯಿಯನ್ನೇ ಮುಗಿಸಿದವರು ಶಾಲೆಯ ಮಕ್ಕಳಲ್ಲ. ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಐವತ್ತೆರಡು ವರ್ಷದ ಲಿಫ್ಟ್ ಮೆಕ್ಯಾನಿಕ್.

ಎಂಟು ಮಹಡಿಯ ಕಟ್ಟಡ, ಅದರ ಆರನೆಯದರಲ್ಲಿ ನಮ್ಮ ಮನೆ. ಅತ್ತೆ, ಭಾವ, ನನ್ನ ಗಂಡ, ನಾನು, ನಾಲ್ಕೇ ಜನ. ಭಾವ ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿದರೆ, "ಮೇಲೆ ಕೆಳಗೆ ಓಡಾಡೋದ್ರಲ್ಲೇ ವಯಸ್ಸಾಗೋಯ್ತು" ಅನ್ನುತ್ತಾರೆ. ಇಪ್ಪತ್ತೆಂಟು ವರ್ಷ ಲಿಫ್ಟಿನ ಗುಂಡಿಗಿಳಿದು, ಏಣಿ ಹತ್ತಿ, ಅವರ ಎರಡೂ ಮಂಡಿ ಸವೆದು ಹೋಗಿವೆ. ಎದ್ದರೆ ಕಟಕ್, ಕೂತರೆ ಕಟಕ್. ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: ಇನ್ನು ಏಣಿ ಹತ್ತುವಂತಿಲ್ಲ.

ಕಂಪನಿಯವರು ಎರಡು ದಾರಿ ತೋರಿಸಿದರು. ಒಂದು, ತನಿಖಾಧಿಕಾರಿಯ ಹುದ್ದೆ. ಬೇರೆಯವರು ಮಾಡಿದ ಕೆಲಸವನ್ನು ನೋಡಿ, ವರದಿ ಬರೆದು, ಸಹಿ ಹಾಕುವುದು. ಅದಕ್ಕೆ ಇಂಗ್ಲಿಷಿನಲ್ಲಿ ಬರೆಯುವ ಪರೀಕ್ಷೆ ಪಾಸಾಗಬೇಕು. ಇನ್ನೊಂದು, ಊರಾಚೆಯ ಗೋದಾಮಿನಲ್ಲಿ ಕುರ್ಚಿ ಹಾಕಿಕೊಂಡು ಡಬ್ಬಿಗಳಿಗೆ ಚೀಟಿ ಅಂಟಿಸುವುದು. ಭಾವ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಡುಮ್ಕಿ ಹೊಡೆದಿದ್ದರು. ಮೂರನೆಯದು ಕೊನೆಯದು. ಲಿಫ್ಟಿನ ಸದ್ದು ಕೇಳಿಯೇ ಎಲ್ಲಿ ಎಣ್ಣೆ ಒಣಗಿದೆ ಅಂತ ಹೇಳುವ ಮನುಷ್ಯನನ್ನು ಡಬ್ಬಿಗಳ ನಡುವೆ ಕೂರಿಸುವುದನ್ನು ನೆನೆಸಿಕೊಂಡರೇ ನನಗೆ ಕೋಪ ಬರುತ್ತಿತ್ತು.

"ನಾನು ಕಲಿಸ್ತೀನಿ ಭಾವ. ಒಂದೂವರೆ ತಿಂಗಳು ಸಾಕು" ಅಂದೆ.

"ಬೈಯಬಾರದು" ಅಂದರು ಭಾವ.

"ನಾನ್ಯಾಕೆ ಬೈಲಿ? ದೊಡ್ಡವರು ನೀವು."

ಒಳಗಿನಿಂದ ಅತ್ತೆ ಜೋರಾಗಿ ನಕ್ಕರು.

ಮೊದಲ ದಿನವೇ ಧೈರ್ಯ ತುಂಬಬೇಕು ಅನ್ನುವುದು ನನ್ನ ಪದ್ಧತಿ. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ 'ಭಾವ ಪಾಸ್ಡ್' ಅಂತ ಇಂಗ್ಲಿಷಿನಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಆಗಲೇ ಪಾಸಾಗಿ ಆಯಿತು ಅಂದುಕೊಂಡೇ ಓದಬೇಕು, ಮಕ್ಕಳಿಗೂ ನಾನು ಹಾಗೇ ಹೇಳುವುದು. ಮರುದಿನ ಬೆಳಿಗ್ಗೆ ಹಾಲು ತೆಗೆಯಲು ಹೋದರೆ, ಕೊನೆಯ ಎರಡಕ್ಷರ, ಈ ಮತ್ತು ಡಿ, ಅವುಗಳ ಮೇಲೆ ಬಿಳಿ ಟೇಪು. 'ಭಾವ ಪಾಸ್' ಅಷ್ಟೇ ಉಳಿದಿತ್ತು.

"ಏನು ಭಾವ ಇದು?"

"ಇನ್ನೂ ಆಗಿಲ್ವಲ್ಲಮ್ಮ" ಅಂದರು, ಟೀ ಹೀರುತ್ತಾ.

ಪರೀಕ್ಷೆಯ ದೊಡ್ಡ ಪ್ರಶ್ನೆ ಎಲ್ಲರಿಗೂ ಗೊತ್ತಿದ್ದದ್ದೇ. ಪ್ರತಿ ವರ್ಷ ಅದೇ: ನಿನ್ನೆ ನೀವು ಮಾಡಿದ ಒಂದು ಲಿಫ್ಟ್ ತಪಾಸಣೆಯ ವರದಿ ಬರೆಯಿರಿ. ಅರವತ್ತು ಅಂಕ ಅದೊಂದಕ್ಕೇ. ಭಾವನಿಗೆ ವಿಷಯ ಅಂಗೈ ಗೆರೆಯಷ್ಟು ಗೊತ್ತು. ಇಂಗ್ಲಿಷ್ ಪದಗಳೂ ಗೊತ್ತು, ಮೆಕ್ಯಾನಿಕ್ಕುಗಳಿಗೆ ಅವೇ ದಿನದ ಪದಗಳು. ಆದರೆ ಬರೆದದ್ದು ನೋಡಿದರೆ, 'ನಿನ್ನೆ ನಾನು ಬ್ರೇಕ್ ಚೆಕ್ ಮಾಡುತ್ತೇನೆ. ನಿನ್ನೆ ನಾನು ಬೆಲ್ ಟೆಸ್ಟ್ ಮಾಡುತ್ತೇನೆ. ನಿನ್ನೆ ನಾನು ಹಳಿಗೆ ಎಣ್ಣೆ ಹಾಕುತ್ತೇನೆ.' ಹದಿನಾಲ್ಕು ಸಾಲು, ಹದಿನಾಲ್ಕರಲ್ಲೂ ವರ್ತಮಾನಕಾಲ. ಸುತ್ತು ಹಾಕಿ ಹಾಕಿ ಹಾಳೆಯೇ ಕೆಂಪಾಯಿತು.

"ಭಾವ, ನಿನ್ನೆ ಅಂದ್ರೆ ಮುಗಿದು ಹೋದದ್ದು. ಚೆಕ್ ಅಲ್ಲ, ಚೆಕ್ಡ್. ಟೆಸ್ಟ್ ಅಲ್ಲ, ಟೆಸ್ಟೆಡ್. ಬಾಲಕ್ಕೆ ಈ-ಡಿ ಹಾಕಿ."

"ಎಲ್ಲದಕ್ಕೂ?"

"ಎಲ್ಲದಕ್ಕೂ ಅಲ್ಲ. ಕೆಲವು ಬೇರೆ ಥರ. ಈಗ ಕಟ್ ಅಂತಿದೆ ನೋಡಿ, ಕತ್ತರಿಸೋದು. ಅದು ಇವತ್ತಿಗೂ ಕಟ್ಟೇ, ನಿನ್ನೆಗೂ ಕಟ್ಟೇ. ಶಟ್, ಮುಚ್ಚೋದು, ಅದೂ ಹಾಗೇ."

ಭಾವ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಂದ್ರೆ ಬಾಗಿಲು ಮುಚ್ಚಿ ಆಗಿದೆಯೋ, ಇನ್ನು ಮುಚ್ಚಬೇಕೋ, ಕಾಗದ ನೋಡಿದ್ರೆ ಗೊತ್ತಾಗಲ್ವಾ?"

"ಹಿಂದೆ ಮುಂದೆ ಓದಿದ್ರೆ ಗೊತ್ತಾಗುತ್ತೆ."

"ಹಿಂದೆ ಮುಂದೆ ಓದೋಷ್ಟರಲ್ಲಿ ಯಾರಾದ್ರೂ ಗುಂಡಿಗೆ ಬಿದ್ದಿರ್ತಾರೆ! ಇಂಥ ಭಾಷೆ ನಂಬ್ಕೊಂಡು ಲಿಫ್ಟ್ ಹೇಗೆ ಮಾಡಿದ್ರಪ್ಪಾ ಇವರು?"

ನನ್ನ ಗಂಡನಿಗೆ ನಕ್ಕು ನಕ್ಕು ನೀರು ನೆತ್ತಿಗೇರಿತು. ನನಗೆ ಮಾತ್ರ ನಗು ಬರಲಿಲ್ಲ. ಎರಡು ವಾರ ಹೀಗೇ ಹೋಯಿತು. ವಿಚಿತ್ರವೆಂದರೆ, ಬಾಯಲ್ಲಿ ಕೇಳಿದರೆ ತಪ್ಪಿಲ್ಲದೆ ಹೇಳುತ್ತಿದ್ದರು. "ಕ್ಲೀನ್ ಭೂತಕಾಲದಲ್ಲಿ?" ಅಂದರೆ "ಕ್ಲೀನ್ಡ್". "ಆಯಿಲ್?" "ಆಯಿಲ್ಡ್". ವರದಿ ಬರೆಯಲು ಕೂತರೆ ಮಾತ್ರ ಪೆನ್ನು ಕ್ರಿಯಾಪದದ ಕೊನೆಗೆ ಬಂದು ನಿಂತುಬಿಡುತ್ತಿತ್ತು. ನಿಬ್ಬು ಕಾಗದದ ಮೇಲೆ ಒಂದು ಚುಕ್ಕೆ ಇಟ್ಟು, ಮುಂದಿನ ಪದಕ್ಕೆ ಹಾರುತ್ತಿತ್ತು.

ಮೂರನೇ ವಾರ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ಅಯ್ಯೋ ಭಾವ! ಗೊತ್ತಿದ್ದೂ ಬರೀದೆ ಇರೋದು ಹಟ ಅಲ್ದೆ ಇನ್ನೇನು? ನನ್ನ ಮೂರನೇ ಕ್ಲಾಸಿನ ಮಕ್ಕಳು ನಿಮಗಿಂತ ವಾಸಿ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಭಾವ ಬೇಸರ ಮಾಡಿಕೊಳ್ಳಲಿಲ್ಲ. ಕಟಕ್ ಅಂತ ಎದ್ದು, ತಮ್ಮ ಚೀಲದಿಂದ ಎಣ್ಣೆ ಕಲೆಯ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟರು.

"ಇದು ನಮ್ಮ ಕೆಲಸದ ಪುಸ್ತಕ. ಓದು."

ಪುಟದ ತುಂಬ ನೀಲಿ ಶಾಯಿಯಲ್ಲಿ ಸಾಲುಗಳು. ಚೆಕ್ ಬ್ರೇಕ್, ಟೆಸ್ಟ್ ಬೆಲ್, ಕ್ಲೀನ್ ಪಿಟ್. ಪ್ರತಿ ಕ್ರಿಯಾಪದದ ಬಾಲಕ್ಕೂ ಕೆಂಪು ಶಾಯಿಯಲ್ಲಿ ಈ-ಡಿ. ಅಕ್ಷರವೂ ಬೇರೆ, ಯಾರೋ ಇನ್ನೊಬ್ಬರ ಕೈ.

ಭಾವ ವಿವರಿಸಿದರು. ಕೆಲಸ ಶುರು ಮಾಡುವ ಮೊದಲು ಮಾಡಬೇಕಾದದ್ದನ್ನೆಲ್ಲ ನೀಲಿಯಲ್ಲಿ ಪಟ್ಟಿ ಮಾಡುತ್ತಾರೆ. ಒಬ್ಬ ಕೆಲಸ ಮಾಡುತ್ತಾನೆ, ಜೊತೆಗಾರ ಕಣ್ಣಾರೆ ನೋಡಿ ಕೆಂಪಿನಲ್ಲಿ ಈ-ಡಿ ಸೇರಿಸುತ್ತಾನೆ. ಮಾಡಿದವನು ತಾನೇ ಹಾಕಿಕೊಳ್ಳುವಂತಿಲ್ಲ, ನೋಡದವನು ಹಾಕುವಂತಿಲ್ಲ. ಸಂಜೆ ಪುಸ್ತಕ ಮುಚ್ಚುವಾಗ ಈ-ಡಿ ಇಲ್ಲದ ಒಂದು ಪದ ಉಳಿದಿದ್ದರೂ ಲಿಫ್ಟು ಓಡುವಂತಿಲ್ಲ.

"ಯಾರು ಮಾಡಿದ್ದು ಈ ಕಾನೂನು?"

"ಎಂಟುಬೆರಳಿನ ಮೇಸ್ತ್ರಿ. ನನಗಿಂತ ಹಿರಿಯರು, ಈಗ ಕೆಲಸ ಬಿಟ್ಟು ಮನೇಲಿದ್ದಾರೆ. ಒಂದು ಕೈಯಲ್ಲಿ ಎರಡು ಬೆರಳಿಲ್ಲ ಅವರಿಗೆ" ಅಂದರು ಭಾವ. ಆಮೇಲೆ ಮೆಲ್ಲಗೆ ಸೇರಿಸಿದರು: "ಮಾಡದೇ ಇರೋ ಕೆಲಸಕ್ಕೆ ನಾನೇ ಕೂತು ಈ-ಡಿ ಹಾಕೋದು ಅಂದ್ರೆ ಕೈ ಏಳಲ್ಲಮ್ಮ. ಪರೀಕ್ಷೆಯ ಲಿಫ್ಟು ಎಲ್ಲಿದೆ? ನಾನು ಯಾವತ್ತು ನೋಡಿದೆ ಅದನ್ನ?"

"ಅದು ಸುಮ್ನೆ ಕಲ್ಪನೆ ಭಾವ!"

"ಬ್ರೇಕನ್ನ ಕಲ್ಪನೆಯಲ್ಲಿ ಚೆಕ್ ಮಾಡಕ್ಕಾಗುತ್ತಾ?"

ನಾನು ನನ್ನ ಶಾಲೆಯ ಪಾಠದ ಡೈರಿ ಎಳೆದುಕೊಂಡು ಬರೆಯತೊಡಗಿದೆ. ಪ್ರತಿ ಸೋಮವಾರ ಇಡೀ ವಾರದ್ದನ್ನು ಒಟ್ಟಿಗೆ ಬರೆದು ಮುಖ್ಯೋಪಾಧ್ಯಾಯಿನಿಗೆ ಒಪ್ಪಿಸಬೇಕು. ನಮ್ಮ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಮಾಡುವುದು ಹಾಗೇ. ಭಾವ ಕುತ್ತಿಗೆ ಉದ್ದ ಮಾಡಿ ಇಣುಕಿದರು. ಶುಕ್ರವಾರ: ಭೂತಕಾಲ ವಿವರಿಸಲಾಯಿತು. ಮಕ್ಕಳು ಅರ್ಥ ಮಾಡಿಕೊಂಡರು. ಅಭ್ಯಾಸ ಮಾಡಿಸಲಾಯಿತು. ಎಕ್ಸ್‌ಪ್ಲೇನ್ಡ್, ಫಾಲೋಡ್, ಪ್ರಾಕ್ಟೀಸ್ಡ್, ಎಲ್ಲ ಕ್ರಿಯಾಪದಗಳಿಗೂ ಸೊಗಸಾದ ಈ-ಡಿ.

"ಇವತ್ತು ಸೋಮವಾರ ಅಲ್ವಾ?"

"ಹೌದು."

"ಬರೋ ಶುಕ್ರವಾರ ಮಕ್ಕಳಿಗೆ ಅರ್ಥ ಆಗಿದೆ ಅಂತ ಬರ್ದಿದ್ದೀಯ."

"ಅದು ಆಫೀಸಿನ ಕಾಗದ ಭಾವ. ಯಾರೂ ಓದಲ್ಲ."

ಭಾವ ಹೂಂ ಅಂದು ಕನ್ನಡಕ ಒರೆಸಿಕೊಂಡರು. ಆ ಹೂಂ ಎರಡು ದಿನ ನನ್ನ ಕಿವಿಯಲ್ಲೇ ಇತ್ತು.

ಉಪಾಯ ಹೊಳೆದದ್ದು ಮೂರನೇ ದಿನ, ಪಾತ್ರೆ ತೊಳೆಯುವಾಗ. ಪ್ರಶ್ನೆ ಕೇಳುವುದು ನಿನ್ನೆಯ ತಪಾಸಣೆಯನ್ನು. ಹಾಗಾದರೆ ಪರೀಕ್ಷೆಯ ಹಿಂದಿನ ದಿನ ನಿಜವಾಗಿಯೂ ಒಂದು ಲಿಫ್ಟನ್ನು ತಪಾಸಣೆ ಮಾಡಿಬಿಟ್ಟರೆ? ಆಗ ಹದಿನಾಲ್ಕು ಕೆಲಸಕ್ಕೂ ಹದಿನಾಲ್ಕು ನಿಜವಾದ ಈ-ಡಿ ಇರುತ್ತದೆ, ಭಾವನ ಕೈ ತಡೆಯುವುದಿಲ್ಲ. ನಮ್ಮ ಕಟ್ಟಡದ ಲಿಫ್ಟು ಭಾವನ ಕಂಪನಿಯದೇ. ವರ್ಷಕ್ಕೊಮ್ಮೆಯ ತಪಾಸಣೆಗೆ ಕಾಲ ಬಂದಿತ್ತು. ಆ ತಪಾಸಣೆಗೆ ಮನೆಗಳವರ ಪರವಾಗಿ ಒಬ್ಬರು ಜೊತೆಗಿದ್ದು ಸಹಿ ಹಾಕಬೇಕೆಂಬ ನಿಯಮವೂ ಇತ್ತು.

"ಜೊತೆಗೆ ನಾನಿರ್ತೀನಿ. ಕೆಂಪು ಪೆನ್ನು ನನ್ನ ಹತ್ರ ಬೇಕಾದಷ್ಟಿದೆ" ಅಂದೆ.

ಭಾವನ ಮುಖ ಅರಳಿತು. "ಆದ್ರೆ ನೋಡದೆ ಹಾಕಬಾರದು."

"ಭಾವ, ನಾನೇನು ಮಗುವಾ?"

ಪರೀಕ್ಷೆ ಸೋಮವಾರ. ಭಾನುವಾರ ಬೆಳಿಗ್ಗೆ ಎಲ್ಲ ಮಹಡಿಯಲ್ಲೂ 'ಲಿಫ್ಟ್ ಕೆಲಸ ನಡೆಯುತ್ತಿದೆ, ಬಳಸಬೇಡಿ' ಅಂತ ಹಲಗೆ ತೂಗುಹಾಕಿ ನಾವಿಬ್ಬರೂ ಕೆಳಗಿನಿಂದ ಶುರು ಮಾಡಿದೆವು. ಭಾವನ ಕೊರಳಲ್ಲಿ ಬ್ಯಾಟರಿ, ನನ್ನ ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಪಟ್ಟಿ. ಗುಂಡಿಯ ಕಸ ತೆಗೆದದ್ದನ್ನು ನೋಡಿದೆ, ಈ-ಡಿ ಹಾಕಿದೆ. ಗಂಟೆ ಬಾರಿಸಿದ್ದನ್ನು ಕೇಳಿದೆ, ಈ-ಡಿ ಹಾಕಿದೆ. ಒಂದನೇ ಮಹಡಿಯ ಬಾಗಿಲ ಕೊಂಡಿ, ಎರಡನೇ ಮಹಡಿಯ ಬಾಗಿಲ ಕೊಂಡಿ. ಎಲ್ಲಿಯಾದರೂ ಕೈ ತೂರಿಸುವ ಮೊದಲು ಭಾವ ಒಂದು ಕ್ಷಣ ನಿಂತು, ಒಂದು ಕೈಯ ಹೆಬ್ಬೆರಳಿನಿಂದ ಇನ್ನೊಂದು ಕೈಯ ಒಂದೊಂದೇ ಬೆರಳನ್ನು ಮುಟ್ಟಿಕೊಳ್ಳುತ್ತಿದ್ದರು. ಎರಡೂ ಕೈಯದು, ಹತ್ತೂ. ಮಂಡಿನೋವಿಗೆ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಇರಬೇಕು ಅಂದುಕೊಂಡೆ.

ಮೂರನೇ ಮಹಡಿಗೆ ಬರುವಷ್ಟರಲ್ಲಿ ಅತ್ತೆಯ ಮೊದಲ ಫೋನು. "ಲಿಫ್ಟ್ ಯಾವಾಗ ಬರುತ್ತೆ?"

"ಮಧ್ಯಾಹ್ನ ಆಗುತ್ತೆ ಅತ್ತೆ."

"ನನ್ನ ಗೆಳತಿ ಕೆಳಗಡೆಯವರ ಮನೆಗೆ ಬರ್ತಾಳೆ. ಹನ್ನೊಂದಕ್ಕೆ ನಾನು ಹೋಗ್ಬೇಕು."

ನಾಲ್ಕನೇ ಮಹಡಿಯಲ್ಲಿ ಎರಡನೇ ಫೋನು, ಅದೇ ಪ್ರಶ್ನೆ. ಐದನೆಯದರಲ್ಲಿ ಮೂರನೆಯದು. ನನಗೆ ತಲೆ ಕೆಟ್ಟಿತು. ಮೆಟ್ಟಿಲು ಹತ್ತಿ ಕಾಲು ಬೇರೆ ನೋಯುತ್ತಿತ್ತು. ಪ್ರತಿ ಮಹಡಿಯಲ್ಲೂ ಅದೇ ಬಾಗಿಲು, ಅದೇ ಕೊಂಡಿ, ಅದೇ ಕಟಕ್. ಭಾವ ಬಗ್ಗಿ ಐದನೇ ಬಾಗಿಲು ನೋಡುತ್ತಿದ್ದಾಗ ನಾನು ಮೆಟ್ಟಿಲ ಮೇಲೆ ಕೂತೆ. ಪಟ್ಟಿಯಲ್ಲಿ ಇನ್ನು ಉಳಿದದ್ದು ಏಳೆಂಟು ಸಾಲು. ಹೇಗಿದ್ದರೂ ಇವರು ಮಾಡೇ ಮಾಡುತ್ತಾರೆ, ಒಂದನ್ನೂ ಬಿಡುವವರಲ್ಲ. ಸರಸರನೆ ಕೊನೆಯವರೆಗೂ ಈ-ಡಿ ಎಳೆದುಬಿಟ್ಟೆ. ಹದಿನೇಳು ವರ್ಷದ ಸೋಮವಾರಗಳ ಅಭ್ಯಾಸ, ಕೈ ತಾನಾಗಿಯೇ ಓಡಿತು.

ಎಂಟನೇ ಮಹಡಿಯ ಮೇಲೆ, ತಾರಸಿಯಲ್ಲಿ, ಮೋಟಾರು ಕೋಣೆ. ಒಳಗೆ ಎಣ್ಣೆಯ ವಾಸನೆ, ಸಣ್ಣ ಕಿಟಕಿ, ನಡುವೆ ದೊಡ್ಡ ಕಬ್ಬಿಣದ ಗಾಲಿ, ಅದರ ಮೇಲೆ ಹಾದು ಕೆಳಗಿಳಿಯುವ ಐದು ಉಕ್ಕಿನ ಹಗ್ಗ. ಬ್ರೇಕು ಗಾಲಿಗೆ ಅಂಟಿಕೊಂಡೇ ಇದೆ. ಭಾವ ಬಾಗಿಲ ಪಕ್ಕದ ಗೋಡೆ ತೋರಿಸಿದರು.

"ಅದು ಮೇನ್ ಸ್ವಿಚ್ಚು. ಹಿಡಿ ಕೆಳಗೆಳಿ, ಈ ಬೀಗ ಹಾಕು, ಬೀಗದ ಕೈ ನಿನ್ನ ಹತ್ರಾನೇ ಇಟ್ಕೋ. ನೋಡೋರ ಕೈಯಲ್ಲೇ ಇರಬೇಕು ಅದು."

"ಸರಿ ಭಾವ" ಅಂದೆ. ಅಷ್ಟರಲ್ಲಿ ಫೋನು. ಅತ್ತೆ. "ಹನ್ನೊಂದಾಯ್ತು, ಅವಳು ಬಂದಾಯ್ತು ಕಣೇ!" ನಾನು ಬಾಗಿಲಾಚೆ ಹೋಗಿ, ಬೀಗವನ್ನು ಕೈಯಲ್ಲೇ ಹಿಡಿದುಕೊಂಡು, ಇನ್ನೊಂದು ಗಂಟೆ ಅಂತ ಹಲ್ಲು ಕಚ್ಚಿ ಹೇಳಿದೆ. ಅವರು ಫೋನು ಇಟ್ಟರು. ನಾನು ಒಳಗೆ ಬಂದೆ.

ಭಾವ ಅಂಗಿಯ ತೋಳು ಮಡಚಿ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. "ಮೇನ್ ಲಾಕ್ ಆಯ್ತಾ?"

ನಾನು ಪಟ್ಟಿ ನೋಡಿದೆ. ನೀಲಿಯಲ್ಲಿ ಲಾಕ್, ಕೆಂಪಿನಲ್ಲಿ ಈ-ಡಿ. ನನ್ನದೇ ಅಕ್ಷರ, ಸ್ಪಷ್ಟವಾಗಿತ್ತು.

"ಆಯ್ತು ಭಾವ."

ಭಾವ ಕೈ ಮುಂದೆ ಚಾಚಿ, ಹೆಬ್ಬೆರಳಿನಿಂದ ಬೆರಳು ಮುಟ್ಟಿಕೊಳ್ಳಲು ಶುರು ಮಾಡಿದರು. ಒಂದು, ಎರಡು, ಮೂರು. ಏಳಕ್ಕೆ ಬಂದಿದ್ದರು, ಗಾಲಿ ಗಿರ್ರನೆ ತಿರುಗಿತು.

ಐದೂ ಹಗ್ಗ ಸರ್ರನೆ ಓಡುತ್ತಿವೆ, ಭಾವನ ಬೆರಳಿನಿಂದ ಒಂದು ಗೇಣು ದೂರದಲ್ಲಿ. ಅವರು ಅಲ್ಲಾಡಲಿಲ್ಲ. ಕೈಯನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡು ಎದೆಗೆ ಒತ್ತಿಕೊಂಡರು. ಗಾಲಿ ನಿಂತಿತು, ಮತ್ತೆ ಉಲ್ಟಾ ತಿರುಗಿತು, ಮತ್ತೆ ನಿಂತಿತು. ನನ್ನ ಫೋನು ಬಡಿದುಕೊಂಡಿತು.

"ಬಂತು ನೋಡು! ಹಲಗೆ ಗಿಲಗೆ ಎಲ್ಲ ಸುಮ್ನೆ. ಗುಂಡಿ ಒತ್ತಿದೆ, ಬಂತು, ಕೆಳಗಿಳಿದೆ!" ಅತ್ತೆ ಖುಷಿಯಿಂದ ಹೇಳುತ್ತಿದ್ದರು.

ಭಾವ ಎದ್ದು ಬಂದು ಸ್ವಿಚ್ಚಿನ ಹಿಡಿ ಕೆಳಗೆಳೆದರು. ನನ್ನ ಕೈಯಲ್ಲಿದ್ದ ಬೀಗ ತೆಗೆದುಕೊಂಡು ಹಾಕಿದರು. ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಮುಚ್ಚಿದರು. ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿ, ಕೊನೆಯವರೆಗೂ ಓಡಿದ್ದ ಕೆಂಪು ಅಕ್ಷರಗಳನ್ನು ನೋಡಿ, ಅದನ್ನು ನನ್ನ ಕೈಗೇ ಹಿಂದಿರುಗಿಸಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನೆಲದ ಮೇಲೆ ಕೂತು ಅತ್ತುಬಿಟ್ಟೆ.

"ಭಾವ, ನಾನು ಬರೆದದ್ದನ್ನ ನಾನೇ ಓದಿ ಹೇಳಿಬಿಟ್ಟೆ" ಅಂದೆ.

"ಗೊತ್ತು." ಅವರು ಒಂದು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತರು. "ಎಂಟುಬೆರಳಿನ ಮೇಸ್ತ್ರಿ ಅಂದಿದ್ನಲ್ಲ. ನಾನು ಕೆಲಸಕ್ಕೆ ಸೇರಿದಾಗ ಅವರಿಗೆ ಹತ್ತು ಬೆರಳೂ ಇತ್ತು."

ನಾನು ಕಣ್ಣೊರೆಸಿಕೊಂಡು ನೋಡಿದೆ.

"ಆಗ ನನಗೆ ಇಪ್ಪತ್ತನಾಲ್ಕು. ಬೇಗ ಮುಗಿಸಿ ಆಟ ನೋಡಕ್ಕೆ ಹೋಗ್ಬೇಕಿತ್ತು. ಬೆಳಿಗ್ಗೆ ಬಂದವನೇ ಇಡೀ ಪುಟ ಬರೆದಿಟ್ಟೆ. ಕ್ಲೀನ್ಡ್, ಚೆಕ್ಡ್, ಲಾಕ್ಡ್. ಅವರು ಪುಸ್ತಕ ನೋಡಿದ್ರು, ಲಾಕ್ ಆಗಿದೆ ಅಂತ ನಂಬಿ ಕೈ ಹಾಕಿದ್ರು. ಕೆಳಗಡೆ ಯಾರೋ ಗುಂಡಿ ಒತ್ತಿದ್ರು." ಕೊರಳ ಬ್ಯಾಟರಿ ಆರಿಸುತ್ತಾ ಹೇಳಿದರು: "ನನ್ನ ಹೆಸರನ್ನ ಅವರು ಯಾರಿಗೂ ಹೇಳ್ಲಿಲ್ಲ. ತಾವೇ ಎಡವಟ್ಟು ಮಾಡ್ಕೊಂಡೆ ಅಂದ್ರು. ಆಸ್ಪತ್ರೆಯಿಂದ ಬಂದ ದಿನ ನನಗೊಂದು ಕೆಂಪು ಪೆನ್ನು ಕೊಟ್ಟು ಈ ಕಾನೂನು ಹೇಳಿದ್ರು, ಅಷ್ಟೇ."

ಇಪ್ಪತ್ತೆಂಟು ವರ್ಷದ ಗುಟ್ಟು ಅದು. ನಾನು ಮೂರು ವಾರ ಹಟ ಅಂದುಕೊಂಡು, ಮೂರನೇ ಕ್ಲಾಸಿನ ಮಕ್ಕಳಿಗೆ ಹೋಲಿಸಿ ಬೈದದ್ದು ಇದನ್ನು. ಆ ಹೊತ್ತಿಗೆ ನನಗೆ ನನ್ನ ಮೇಲೆ ಬಂದಷ್ಟು ಕೋಪ ಇನ್ಯಾರ ಮೇಲೂ ಯಾವತ್ತೂ ಬಂದಿರಲಿಲ್ಲ. ಎದ್ದು, ಪಟ್ಟಿಯಲ್ಲಿ ನೋಡದೆ ಹಾಕಿದ ಒಂದೊಂದು ಈ-ಡಿಯನ್ನೂ ಹೊಡೆದು ಹಾಕಿದೆ.

"ಐದನೇ ಮಹಡಿಯಿಂದ ಮತ್ತೆ ಬರೋಣ ಭಾವ. ಆದರೆ ನಿಮ್ಮ ಮಂಡಿ..."

"ಮಂಡಿ ನನ್ನದು ತಾನೇ, ನಡಿ."

ಮತ್ತೆ ಇಳಿದೆವು, ಮತ್ತೆ ಹತ್ತಿದೆವು. ಈ ಸಲ ನಾನು ಕಣ್ಣು ಮಿಟುಕಿಸಲು ಕೂಡ ಯೋಚನೆ ಮಾಡುತ್ತಿದ್ದೆ. ಮೋಟಾರು ಕೋಣೆಯಲ್ಲಿ ಬೀಗವನ್ನು ಮೂರು ಸಲ ಜಗ್ಗಿ ನೋಡಿ ಆಮೇಲೆ ಈ-ಡಿ ಹಾಕಿದೆ. ಭಾವ ಬೆರಳು ಎಣಿಸುವಾಗ ನಾನೂ ಜೊತೆಗೆ ಎಣಿಸಿದೆ, ಹತ್ತರವರೆಗೂ. ಬ್ರೇಕು ಬಿಚ್ಚಿ ನೋಡಿದರೆ, ಗಾಲಿಯನ್ನು ಒತ್ತಿ ಹಿಡಿಯುವ ಬ್ರೇಕ್ ಪಟ್ಟಿ ಕಾಗದದಷ್ಟು ತೆಳ್ಳಗೆ ಸವೆದಿತ್ತು. ನಮ್ಮ ಹಾಳೆಯ ಹದಿನಾಲ್ಕನೇ ಸಾಲು, 'ಸವೆದ ಭಾಗ ಚೇಂಜ್', ನೀಲಿಯಲ್ಲೇ ಉಳಿಯಿತು.

"ಬದಲಾಯಿಸ್ಬೇಕು. ಸಾಮಾನು ಬುಧವಾರ ಬರುತ್ತೆ. ಅಲ್ಲಿವರೆಗೆ ಲಿಫ್ಟು ಓಡಲ್ಲ" ಅಂದರು ಭಾವ.

ಅಂದರೆ ಗೆಲುವಿನ ನಗೆ ನಗುತ್ತಾ ಲಿಫ್ಟಿನಲ್ಲಿ ಇಳಿದಿದ್ದ ನಮ್ಮ ಅತ್ತೆ ಆರು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತಿ ಬರಬೇಕಾಯಿತು. ಪ್ರತಿ ಮಹಡಿಯಲ್ಲೂ ಒಬ್ಬೊಬ್ಬರ ಮನೆಗೆ ಹೋಗಿ ಕೂತು, ನೀರು ಕುಡಿದು, ನನ್ನನ್ನು ಬೈದು ಮುಂದಕ್ಕೆ ಬಂದರಂತೆ. ಮನೆ ಮುಟ್ಟುವಾಗ ಮಧ್ಯಾಹ್ನ ಮೂರು ಗಂಟೆ. ನಾನು ತುಟಿ ಪಿಟಕ್ ಅನ್ನಲಿಲ್ಲ. ಅವರು ಹಣೆ ಮುಟ್ಟಿ, "ಹುಷಾರಿಲ್ವಾ?" ಅಂತ ಕೇಳಿದರು.

ಸೋಮವಾರ ಭಾವ ಪರೀಕ್ಷೆಯಿಂದ ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. "ಪ್ರಶ್ನೆ?"

"ಅದೇ."

"ಬರೆದ್ರಾ? ಎಲ್ಲದಕ್ಕೂ ಹಾಕಿದ್ರಾ?"

"ಹದಿಮೂರಕ್ಕೆ ಹಾಕಿದೆ. ಗಕ್ಕನೆ ನಿಲ್ಲದೆ ಬಂತು ಕೈ. ನಿನ್ನೆ ನೀನು ಹಾಕಿದ್ದು ಕಣ್ಣ ಮುಂದೆ ಹಾಗೇ ಇತ್ತು. ಹದಿನಾಲ್ಕನೇದು, ಬ್ರೇಕ್ ಪಟ್ಟಿ ಬದಲಾಯಿಸೋದು, ಅದು ಬರೀ 'ಚೇಂಜ್' ಅಂತ ಬಿಟ್ಟೆ."

"ಭಾವ! ಅಂಕ ಹೋಗುತ್ತೆ!"

"ಸಾಮಾನು ಬುಧವಾರ ಬರೋದು. ಸೋಮವಾರ ಹೇಗಮ್ಮ ಹಾಕಲಿ?"

"'ವಿಲ್ ಚೇಂಜ್' ಅಂತ ಬರೀಬಹುದಿತ್ತಲ್ಲ, ಭವಿಷ್ಯತ್ಕಾಲ."

"ಅದನ್ನ ನೀನು ಕಲಿಸ್ಲೇ ಇಲ್ವಲ್ಲ."

ಭಾವನ ಪಾಠಕ್ಕೂ ನಾನೊಂದು ವೇಳಾಪಟ್ಟಿ ಮಾಡಿದ್ದೆ, ಮೊದಲ ದಿನವೇ, ಒಂದೂವರೆ ತಿಂಗಳದ್ದನ್ನೂ ಒಟ್ಟಿಗೆ. ಅದರಲ್ಲಿ ಐದನೇ ವಾರ ಭವಿಷ್ಯತ್ಕಾಲ ಕಲಿಸಲಾಯಿತು ಅಂತ ಅಚ್ಚುಕಟ್ಟಾಗಿ ಬರೆದಿತ್ತು.

ಮುಂದಿನ ವಾರ ಶಾಲೆಯ ಡೈರಿಯಲ್ಲಿ ಒಂದು ಕ್ರಿಯಾಪದಕ್ಕೂ ಈ-ಡಿ ಹಾಕದೆ ಒಪ್ಪಿಸಿದೆ. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿದರು. "ಇದೇನ್ರೀ, ಇಂಗ್ಲಿಷ್ ಟೀಚರ್ ಆಗಿ ಭೂತಕಾಲ ಮರೆತ್ರಾ?" ಅಂದರು. "ಶುಕ್ರವಾರ ಇನ್ನೂ ಬಂದಿಲ್ಲ ಮೇಡಂ, ಬಂದ ಮೇಲೆ ಹಾಕ್ತೀನಿ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸಂಜೆ ಸ್ವಲ್ಪ ವಿಶ್ರಾಂತಿ ತಗೊಳ್ಳಿ ಅಂದರು. ಆ ಶುಕ್ರವಾರ ಮಕ್ಕಳಿಗೆ ಅರ್ಥ ಆಗಲಿಲ್ಲ, ಆ ಸಾಲು ಹಾಗೇ ಬೋಳಾಗಿ ಉಳಿಯಿತು. ಇನ್ನೊಂದು ದಿನ ಕಲಿಸಿದೆ.

ಮೂರು ವಾರದ ಮೇಲೆ ಫಲಿತಾಂಶ ಬಂತು. ಭಾವ ಸಂಜೆ ಐದಕ್ಕೆ ಮನೆಗೆ ಬಂದರು. ಚಪ್ಪಲಿ ಬಿಟ್ಟು, ಕೈ ತೊಳೆದು, ಫ್ರಿಜ್ಜಿನ ಹತ್ತಿರ ಹೋಗಿ, ಬಿಳಿ ಟೇಪಿನ ಹಾಳೆ ಕಿತ್ತು ತಂದು ನನ್ನ ಮುಂದಿಟ್ಟರು. ಪಕ್ಕದಲ್ಲಿ ತಮ್ಮ ಕೆಂಪು ಪೆನ್ನು.

ನನ್ನ ಗಂಡ "ಹೇ!" ಅಂತ ಕೂಗಿದರು. ಅತ್ತೆ ಕೈ ಒರೆಸಿಕೊಳ್ಳುತ್ತಾ ಓಡಿ ಬಂದರು. "ಬರಿಯೇ, ಬರಿ! ಏನು ನೋಡ್ತಿದ್ದೀಯ?"

ನನಗೂ ಕುಣಿದಾಡುವ ಹಾಗಾಗಿತ್ತು. ಆದರೂ ಪೆನ್ನು ಮುಟ್ಟಲಿಲ್ಲ. "ಭಾವ, ಮೊದಲು ಕಾಗದ ತೋರಿಸಿ" ಅಂದೆ.

ಭಾವ ನನ್ನ ಮುಖವನ್ನೇ ನೋಡಿದರು. ಆಮೇಲೆ ಜೇಬಿನಿಂದ ಮಡಚಿದ ಕಾಗದ ತೆಗೆದು ಕೊಟ್ಟರು. ಭಾವನ ನಂಬರು ಓದಿದೆ. ಅವರ ಗುರುತಿನ ಚೀಟಿ ತರಿಸಿ ಒಂದೊಂದೇ ಅಂಕಿ ತಾಳೆ ನೋಡಿದೆ. ಬೇಕಿದ್ದದ್ದು ಐವತ್ತು, ಬಂದದ್ದು ಐವತ್ತೊಂದು. ಇನ್ನೊಮ್ಮೆ ನೋಡಿದೆ, ಐವತ್ತೊಂದೇ.

"ಎರಡಕ್ಷರಕ್ಕೆ ಇಷ್ಟು ಹೊತ್ತಾ?" ಅತ್ತೆ ಸಿಡುಕಿದರು.

"ಇರಮ್ಮ, ಅವಳು ನೋಡ್ತಿದ್ದಾಳೆ" ಅಂದರು ಭಾವ.

ಬಿಳಿ ಟೇಪನ್ನು ಉಗುರಿನಿಂದ ಮೆಲ್ಲಗೆ ಎತ್ತಿದೆ. ನಾನು ಅಂದು ಬರೆದಿದ್ದ ಅಕ್ಷರವೂ ಅದರ ಜೊತೆಗೇ ಕಿತ್ತು ಬಂತು, ಜಾಗ ಖಾಲಿಯಾಯಿತು. ಕೆಂಪು ಪೆನ್ನು ತೆಗೆದುಕೊಂಡೆ. ವಾರಕ್ಕೆ ನಲವತ್ತು ಸಲ ಕಣ್ಣು ಮುಚ್ಚಿ ಬರೆಯುತ್ತಿದ್ದ ಈ, ಆಮೇಲೆ ಡಿ. ಎರಡೂ ಸೊಟ್ಟ ಬಂದವು.